ಎಕ್ಸ್‌ರೇ ಕೋಣೆಯ ಅರಿಶಿನ ಕೊಂಬು

ನನ್ನ ಬಾಯಿ ಜೋರು. ಇದನ್ನು ನಾನು ಒಪ್ಪಿಕೊಳ್ಳುವ ಮೊದಲೇ ಅರ್ಧ ಕೊಪ್ಪಳ ಒಪ್ಪಿಕೊಂಡಿದೆ, ಯಾಕೆಂದರೆ ನಾನು ಮೂರು ವರ್ಷ ಒಂದು ನರ್ಸಿಂಗ್ ಹೋಮಿನ ಚೀಟಿ ಕಿಟಕಿಯಲ್ಲಿ ಕೂತವಳು. ಕಿಟಕಿಯ ಆಚೆ ಐವತ್ತು ಜನ, ಈಚೆ ನಾನೊಬ್ಬಳು. "ನಂದು ಒಂದ ನಿಮಿಷದ ಕೆಲಸ ಐತ್ರಿ ಅಕ್ಕಾರ" ಎಂದು ಪ್ರತಿಯೊಬ್ಬರೂ ಸರಳಿನೊಳಗೆ ಕೈ ತೂರಿಸುತ್ತಾರೆ. ಐವತ್ತು ಜನರ ಒಂದೊಂದು ನಿಮಿಷ ಕೂಡಿದರೆ ಮಧ್ಯಾಹ್ನದ ಊಟ ಹೋಗುತ್ತದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಅಲ್ಲಿ ಮೆತ್ತಗೆ ಮಾತಾಡುವವಳು ಒಂದು ವಾರ ಬಾಳುವುದಿಲ್ಲ, ನಾನು ಮೂರು ವರ್ಷ ಬಾಳಿದೆ.

ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಕಾಮಾಲೆ ಎಂದು ಮಲಗಿದವನು ಹದಿನೈದು ದಿನಕ್ಕೆ ಹೋಗಿಬಿಟ್ಟ. ನಾನು ಅವನನ್ನು ಬಹಳ ಇಷ್ಟಪಟ್ಟಿದ್ದೆ, ಅವನ ಜೊತೆ ಬಹಳ ಜಗಳವನ್ನೂ ಆಡಿದ್ದೆ. ಎರಡೂ ಒಂದೇ ದಿನ ನಿಂತುಹೋದವು. ಆಮೇಲೆ ಉಳಿದದ್ದು ಜನರ "ಅಯ್ಯೋ ಪಾಪ". ಈ ಪಾಪ ಎನ್ನುವ ಮಾತು ನನಗೆ ಆಗಿಬರುವುದಿಲ್ಲ. ಪಾಪ ಅನ್ನುವವರು ಯಾರೂ ನನ್ನ ಮನೆಗೆ ನೀರು ತಂದುಕೊಡುವುದಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿ ಹೋಗುತ್ತಾರೆ. ಕಿಟಕಿಯ ಹಿಂದೆ ಕೂತರೆ ಒಂದು ಅನುಕೂಲವಿತ್ತು. ಅಲ್ಲಿ ಯಾರಿಗೂ ನನ್ನ ಮೇಲೆ ಪಾಪ ಅನ್ನಿಸುತ್ತಿರಲಿಲ್ಲ, ಎಲ್ಲರಿಗೂ ಸಿಟ್ಟು ಬರುತ್ತಿತ್ತು.

ಕಿಟಕಿಯಿಂದ ಒಳಗೆ ಹೋದದ್ದು ಆಕಸ್ಮಿಕ. ಒಂದು ಹುಣ್ಣಿಮೆ ದಿನ ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗಿ ಬಂದ ಜನ ಬಿಸಿಲಿಗೆ ತಲೆ ತಿರುಗಿ, ವಾಂತಿಯಾಗಿ, ಹಣೆಯ ಭಂಡಾರ ಕೂಡ ಒರೆಸಿಕೊಳ್ಳದೆ ಗಾಡಿ ಗಾಡಿಯಾಗಿ ಬಂದು ಇಳಿದರು. ಇದ್ದ ಇಬ್ಬರು ನರ್ಸುಗಳಿಗೆ ಕೈ ಸಾಲಲಿಲ್ಲ. ಡಾಕ್ಟರರು ಕಿಟಕಿಯತ್ತ ನೋಡಿ "ಚೀಟಿ ಆಮ್ಯಾಲ ಬರಿಯವಾ, ಮೊದ್ಲ ಇಲ್ಲಿ ಬಂದು ಈ ಅಜ್ಜಿ ಕೈ ಹಿಡಿ" ಎಂದರು. ಹಿಡಿದೆ. ನಾಡಿ ಎಲ್ಲಿದೆ ಎಂದು ತೋರಿಸಿದರು. ಮೂರು ಬೆರಳಿನ ಕೆಳಗೆ ಅದು ಟಿಕ್ ಟಿಕ್ ಎಂದು ಹೊಡೆದುಕೊಳ್ಳುವುದನ್ನು ನಾನು ಎಣಿಸಿದೆ. ಎಣಿಸುವಾಗ ನನ್ನ ಬಾಯಿ ತಾನಾಗಿ ಸುಮ್ಮನಾಗಿತ್ತು. ನನಗೇ ಆಶ್ಚರ್ಯ.

ಅಂದಿನಿಂದ ನಾನು ಅರ್ಧ ದಿನ ಕಿಟಕಿ, ಅರ್ಧ ದಿನ ಒಳಗೆ. ತೂಕ ನೋಡುವುದು, ಜ್ವರ ನೋಡುವುದು, ಬಿಪಿ ಪಟ್ಟಿ ಕಟ್ಟುವುದು, ರೋಗಿಯನ್ನು ಎಕ್ಸ್‌ರೇಗೆ ತಯಾರು ಮಾಡಿ ಟೆಕ್ನಿಷಿಯನ್ ಕೈಗೆ ಒಪ್ಪಿಸುವುದು. ಹೀಗೇ ನಡೆದಿದ್ದಾಗ ಒಂದು ಬೆಳಿಗ್ಗೆ ಡಾಕ್ಟರರು ಕರೆದರು.

"ಇನ್ನ ಮುಂದ ಸರ್ಟಿಫಿಕೇಟ್ ಇದ್ದವ್ರನ್ನಷ್ಟ ಒಳಗ ಇಟ್ಗೋಬೇಕಂತ ಮಾಡೀನವಾ. ಗಂಗಾವತ್ಯಾಗ ಒಂದ ವರ್ಷದ ಕೋರ್ಸ್ ಐತಿ, ವೈದ್ಯಕೀಯ ಸಹಾಯಕರದು. ಮುಗಿಸ್ಕೊಂಡ ಬಾ. ಆಗ್ಲಿಲ್ಲಂದ್ರ ಕಿಟಕಿ ಎಲ್ಲಿ ಹೋಗತೈತಿ, ಇದ್ದ ಐತಿ."

ಕಿಟಕಿ ಇದ್ದೇ ಇದೆ ಎಂದದ್ದು ಸಮಾಧಾನಕ್ಕೆ. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಒಮ್ಮೆ ಜನರ ನಾಡಿ ಹಿಡಿದ ಕೈ ಮತ್ತೆ ಚೀಟಿ ಹರಿಯುತ್ತಾ ಕೂರಬೇಕೆಂದರೆ ನನ್ನಿಂದ ಆಗುವ ಮಾತಲ್ಲ. ಮರುವಾರವೇ ಹೆಸರು ಹಚ್ಚಲು ಗಂಗಾವತಿಗೆ ಹೋದೆ.

ತರಬೇತಿ ಕೇಂದ್ರ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಅರ್ಜಿ ತುಂಬಿಸಿಕೊಳ್ಳುತ್ತಿದ್ದವನು ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಗುಮಾಸ್ತ. ಹುಟ್ಟಿದ ಊರು ಕೇಳಿದ. ಮಂಗಳೂರು ಎಂದೆ. ಅವನು ಪೆನ್ನು ಕೆಳಗಿಟ್ಟು, "ಮಂಗಳೂರಿನಿಂದ ಇಲ್ಲಿಗೆ ಯಾಕೆ ಬಂದ್ರಿ ಮೇಡಮ್? ಅಲ್ಲೇ ಎಷ್ಟೊಂದು ಮೆಡಿಕಲ್ ಕಾಲೇಜುಗಳಿವೆ" ಎಂದ.

"ನಮ್ಮ ಮಂಗಳೂರಾಗ ಕಾಲೇಜೂ ಇಲ್ಲ, ಸಮುದ್ರಾನೂ ಇಲ್ರಿ. ಜ್ವಾಳದ ಹೊಲ ಅದಾವ. ಯಲಬುರ್ಗಾ ಕಡೇದು. ಬರಕೋರಿ ಲಗೂನ" ಎಂದೆ. ನನ್ನ ಬಾಯಿಯ ಪರಿಚಯ ಆ ಕಟ್ಟಡಕ್ಕೆ ಮೊದಲ ದಿನವೇ ಆಯಿತು.

ವಾರಕ್ಕೆ ಮೂರು ದಿನ ಅಲ್ಲಿ ಪಾಠ, ಉಳಿದ ಮೂರು ದಿನ ಕೊಪ್ಪಳದಲ್ಲಿ ನಮ್ಮ ನರ್ಸಿಂಗ್ ಹೋಮಿನಲ್ಲೇ ಅಭ್ಯಾಸ. ತರಗತಿಯಲ್ಲಿ ಎಲ್ಲರೂ ಆಗಷ್ಟೇ ಪಿಯುಸಿ ಮುಗಿಸಿದ ಹುಡುಗಿಯರು. ನನಗೆ ಮೂವತ್ತನಾಲ್ಕು. ಮೊದಲ ವಾರ ಅಕ್ಕ ಎಂದರು, ಎರಡನೇ ವಾರ ನನ್ನ ನೋಟ್ಸು ಒಯ್ದರು, ಮೂರನೇ ವಾರ "ಮೇಡಮ್ಮೋರಕಿಂತ ಅಕ್ಕನ್ನ ನೋಡಿದ್ರ ಅಂಜಿಕಿ ಬರತೈತಿ" ಎಂದು ನನ್ನ ಬೆನ್ನ ಹಿಂದೆ ಹೇಳಿಕೊಂಡರು. ನನಗೆ ಅದರಿಂದ ಖುಷಿಯೇ ಆಯಿತು.

ನಮ್ಮ ಮೇಡಮ್ಮು ಕಾಲುವೆ ಕಡೆಯ, ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪಿನವರು. ಕನ್ನಡದ ನಡುವೆ ತೆಲುಗು ತೂರಿಸುತ್ತಾ ಮಾತಾಡುವವರು. ಅವರ ದೇವರು ಒಂದೇ, ಪಟ್ಟಿ. ಕೈ ತೊಳೆಯುವುದಕ್ಕೆ ಏಳು ಹಂತದ ಪಟ್ಟಿ, ಬಿಪಿ ನೋಡುವುದಕ್ಕೆ ಒಂಬತ್ತು ಹಂತದ ಪಟ್ಟಿ, ಎಕ್ಸ್‌ರೇ ತಯಾರಿಗೆ ಹನ್ನೊಂದು ಹಂತದ ಪಟ್ಟಿ. "ಪಟ್ಟಿಯಲ್ಲಿದ್ದದ್ದು ಬಿಡಬೇಡ, ಇಲ್ಲದ್ದು ಮಾಡಬೇಡಮ್ಮಾ" ಎಂಬುದು ದಿನದ ಮಂತ್ರ. ಯಾವ ಪಟ್ಟಿ ತೆಗೆದರೂ ಮೊದಲನೇ ಹಂತ ಒಂದೇ: ನಗುಮುಖದಿಂದ ನಮಸ್ಕರಿಸಿ, ಪರಿಚಯ ಹೇಳಿಕೊಳ್ಳಿ. ನನಗೆ ಎಲ್ಲಕ್ಕಿಂತ ಕಷ್ಟವಾದ ಹಂತ ಅದೇ. ರಬ್ಬರಿನ ಕೈಗೆ ಸೂಜಿ ಚುಚ್ಚುವುದನ್ನು ಎರಡು ದಿನದಲ್ಲಿ ಕಲಿತೆ. ರಬ್ಬರಿನ ಕೈಯನ್ನು ನೋಡಿ ನಗುವುದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು.

"ನಿನ್ನ ಕೈಗೆ ನೂರಕ್ಕೆ ನೂರು, ಬಾಯಿಗೆ ಸೊನ್ನೆ. ಪರೀಕ್ಷೆಯಲ್ಲಿ ಆ ಬಾಯಿಯೇ ನಿನ್ನ ಮುಳುಗಿಸುತ್ತೆ ತಲ್ಲೀ" ಎಂದು ಮೇಡಮ್ಮು ಎಲ್ಲರ ಎದುರಿಗೇ ಹೇಳಿದರು. ಹುಡುಗಿಯರು ಮುಸಿಮುಸಿ ನಕ್ಕರು. ನಾನು ತಿರುಗಿ ನೋಡಿದ ಮೇಲೆ ನಿಲ್ಲಿಸಿದರು.

ಎಕ್ಸ್‌ರೇ ಪಟ್ಟಿಯ ಆರನೇ ಹಂತ ಹೀಗಿತ್ತು: ಕೊರಳು ಹಾಗೂ ಎದೆಯ ಮೇಲಿನ ಎಲ್ಲ ಲೋಹದ ಆಭರಣಗಳನ್ನು ತೆಗೆಸಿ. ಬರೆದವನು ಒಂದೇ ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡಿದ್ದಾನೆ. ಅವನಿಗೆ ನಮ್ಮ ಕಡೆಯ ಹೆಂಗಸಿನ ಕೊರಳಿನಿಂದ ತಾಳಿ ತೆಗೆಸಿ ಗೊತ್ತಿಲ್ಲ. ಕೆಮ್ಮಿ ಕೆಮ್ಮಿ ಕಣ್ಣು ಹೊರಗೆ ಬಂದಿರುತ್ತದೆ, ಎರಡು ಬಸ್ಸು ಬದಲಿಸಿ ಬಂದಿರುತ್ತಾಳೆ, ಆದರೂ ತಾಳಿ ತೆಗಿ ಎಂದ ಕೂಡಲೇ ಎದ್ದು ಹೊರಡುತ್ತಾಳೆ. ತಾಳಿ ಇಟ್ಟುಕೊಂಡು ಪಟ ತೆಗೆದರೆ ಪಟದ ನಡುವೆ ಅದೇ ಬೆಳ್ಳಗೆ ಕೂತು, ಅದರ ಹಿಂದೆ ಏನಿದೆ ಎಂದು ಡಾಕ್ಟರರಿಗೆ ಕಾಣುವುದಿಲ್ಲ.

ಇದಕ್ಕೆ ಮದ್ದು ಇದ್ದದ್ದು ನಮ್ಮ ನರ್ಸಿಂಗ್ ಹೋಮಿನ ಆಯಾ ಹತ್ತಿರ. ಆಕೆಗೆ ಅರವತ್ತರ ಮೇಲೆ. ಓದು ಬರಹ ಇಲ್ಲ. ಆಕೆಗೆ ಸರ್ಟಿಫಿಕೇಟು ಕೇಳುವ ಧೈರ್ಯ ಡಾಕ್ಟರರಿಗೂ ಇಲ್ಲ. ಸೊಂಟದಲ್ಲಿ ಒಂದು ಎಲೆ ಅಡಿಕೆಯ ಸಂಚಿ. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ನಾಲ್ಕಾರು ಅರಿಶಿನ ಕೊಂಬು ಮತ್ತು ಅರಿಶಿನ ಹಚ್ಚಿದ ದಾರದ ಉಂಡೆ. ಅಕ್ಕಸಾಲಿಗನ ಹತ್ತಿರ ತಾಳಿ ಬೆಸುಗೆಗೆ ಕೊಟ್ಟಾಗ ಹೆಂಗಸರು ಕೊಂಬು ಕಟ್ಟಿಕೊಂಡು ಇರುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಕೊರಳು ಬರಿದಾಗಬಾರದು, ಅಷ್ಟೇ. ಆಯಾ ಅದನ್ನು ಎಕ್ಸ್‌ರೇ ಕೋಣೆಗೆ ತಂದಿದ್ದಳು. ಮೊದಲು ಕೊಂಬು ಕಟ್ಟುವುದು, ಆಮೇಲೆ ತಾಳಿ ತೆಗೆಸುವುದು. ಎಂಥ ಹಟಮಾರಿ ಹೆಂಗಸೂ ಆ ಹಳದಿ ದಾರ ಕಂಡ ಕೂಡಲೇ "ಹಂಗಂದ್ರ ಸೈ" ಎಂದು ಕೊರಳು ಬಗ್ಗಿಸುತ್ತಿದ್ದಳು.

ನಾನು ಇದನ್ನೆಲ್ಲ ನಂಬುವವಳಲ್ಲ. ಗಂಡ ಹೋದದ್ದರಿಂದ ನನ್ನ ಕೊರಳು ಬರಿದಾಯಿತು, ಕೊರಳು ಬರಿದಾದದ್ದರಿಂದ ಅವನು ಹೋಗಲಿಲ್ಲ. ಆದರೆ ಉಪಾಯ ಛಲೋ ಇತ್ತು, ನಾನೂ ಕಲಿತೆ. ಒಂದು ದಿನ ಆಯಾ ಬೇರೆ ಕೆಲಸದಲ್ಲಿದ್ದಾಗ ದಾರಕ್ಕೆ ಕೊಂಬು ಬಿಗಿದು ಒಬ್ಬ ಹುಡುಗಿಯ ಕೊರಳಿಗೆ ಕಟ್ಟಲು ಕೈ ಎತ್ತಿದೆ. ಪಕ್ಕದಲ್ಲಿದ್ದ ಅವಳ ಅತ್ತೆ ನನ್ನ ಕೊರಳು ನೋಡಿದಳು. ಆಮೇಲೆ ನನ್ನ ಕೈಯಿಂದ ದಾರವನ್ನು ಮೆಲ್ಲಗೆ ತೆಗೆದುಕೊಂಡಳು.

"ಸಿಟ್ಟಾಗಬ್ಯಾಡ ತಂಗಿ. ಆ ಮುದುಕಿ ಬರ್ಲಿ, ಆಕಿ ಕಟ್ಲಿ."

ಬೈದಿದ್ದರೆ ಎರಡು ಮಾತು ತಿರುಗಿಸಿ ಅನ್ನುತ್ತಿದ್ದೆ. ಆಕೆ ಇಷ್ಟು ಮೆತ್ತಗೆ ಹೇಳಿದಳು ನೋಡಿ, ನಾನೇ ಹೋಗಿ ಆಯಾಳನ್ನು ಕರೆತಂದೆ. ಅಂದಿನಿಂದ ಕೊಂಬು ಕಟ್ಟುವ ಹೊತ್ತಿಗೆ ನಾನು ಆಯಾಳನ್ನು ಕೂಗುತ್ತಿದ್ದೆ. ಯಾರೂ ಬೇಡ ಅನ್ನುವ ಮೊದಲು ನಾನೇ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ನಿಲ್ಲುತ್ತಿದ್ದೆ. ಜನರ ಮೇಲಿನ ಸಿಟ್ಟಿಗಿಂತ ನನ್ನ ಆ ಎರಡು ಹೆಜ್ಜೆಗಳ ಮೇಲಿನ ಸಿಟ್ಟು ದೊಡ್ಡದಾಗಿತ್ತು.

ಇನ್ನೊಂದು ದಿನ ಸಂಚಿಯಲ್ಲಿ ಕೊಂಬು ಮುಗಿದವು. ಆಯಾ ನನ್ನನ್ನು ಪೇಟೆಗೆ ಅಟ್ಟಿದಳು. ಅಂಗಡಿಯ ಮುದುಕ ತಕ್ಕಡಿಗೆ ಕೈ ಹಾಕುತ್ತಾ ಸಂಭ್ರಮದಿಂದ "ಮನ್ಯಾಗ ಮದುವಿ ಐತೇನವಾ? ಹಂಗಿದ್ರ ಛಲೋ ಜೋಡಿ ಕೊಂಬು ಆರಿಸಿ ಕೊಡತೀನಿ" ಎಂದ. ನಾನು ಕೊಳ್ಳದೆ ತಿರುಗಿ ಬಂದುಬಿಟ್ಟೆ. ಆಯಾ ಹತ್ತಿರ ಅಂಗಡಿ ಮುಚ್ಚಿದೆ ಎಂದು ಸುಳ್ಳು ಹೇಳಿದೆ. ಆಕೆ ನನ್ನ ಮುಖ ನೋಡಿ, ಎಲೆಯ ರಸ ನುಂಗಿ, "ಮುಚ್ಚಿರಬೇಕು ಬಿಡು" ಎಂದು ತಾನೇ ಹೋಗಿ ತಂದಳು.

ಇಷ್ಟರಲ್ಲಿ ಬೇವೂರಿನ ಹೆಂಗಸಿನ ಪ್ರಕರಣ ಆಯಿತು. ಹದಿನೈದು ದಿನದ ಕೆಮ್ಮು ಎಂದು ಬಂದಿದ್ದಳು. ಆಯಾ ಅಂದು ಎಂದಿಗಿಂತ ದಾರ ಉದ್ದ ಬಿಟ್ಟು ಕೊಂಬು ಕಟ್ಟಿದಳು, ನಾನು ತಾಳಿ ತೆಗೆಸಿದೆ, ಪಿನ್ನಿನಂಥ ಲೋಹ ಇನ್ನೇನಾದರೂ ಇದೆಯೇ ಎಂದು ನೋಡಿ ಒಳಗೆ ಕಳಿಸಿದೆ. ಅರ್ಧ ಗಂಟೆಯ ಮೇಲೆ ಡಾಕ್ಟರರು ಪಟವನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ಶ್ವಾಸಕೋಶದ ಅಂಚಿನಲ್ಲಿ ಮಬ್ಬಾದ ಒಂದು ನೆರಳು. ದೊಡ್ಡ ಊರಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕಾಗಬಹುದು ಎಂದರು. ಅಷ್ಟು ಸಾಕಾಯಿತು. ಆಕೆಯ ಗಂಡ ನೆಲಕ್ಕೆ ಕೂತುಬಿಟ್ಟ, ಅಕ್ಕ ಹುಲಿಗೆಮ್ಮನಿಗೆ ಹರಕೆ ಕಟ್ಟಿದಳು, ಕೆಮ್ಮುತ್ತಿದ್ದವಳು ಗಾಬರಿಯಲ್ಲಿ ಕೆಮ್ಮುವುದನ್ನೇ ಬಿಟ್ಟಳು.

ನಾನು ಪಟದ ಹತ್ತಿರ ಹೋಗಿ ನೋಡಿದೆ. ಆ ನೆರಳಿಗೆ ಬೆರಳಿನಂಥ ಒಂದು ದಪ್ಪ ಭಾಗ, ಪಕ್ಕದಲ್ಲಿ ಒಂದು ಸಣ್ಣ ಮೊಳಕೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು.

"ಸರ್, ಅದು ರೋಗ ಅಲ್ರಿ. ಅದು ಅರಿಶಿನ ಕೊಂಬ್ರಿ" ಎಂದೆ.

ಎಲ್ಲರ ಕಣ್ಣು ಆಕೆಯ ಕೊರಳಿಗೆ ಹೋಯಿತು. ಕೊಂಬು ಬಿಚ್ಚಿ ಮತ್ತೆ ಪಟ ತೆಗೆದರು. ಎದೆ ಕನ್ನಡಿಯ ಹಾಗೆ ಸ್ವಚ್ಛ. ಕೆಮ್ಮಿಗೆ ಔಷಧಿ ಬರೆಸಿಕೊಂಡು ಹೊರಟ ಬೇವೂರಿನವರು ನನಗೆ ಕೈ ಮುಗಿದು ಹೋದರು. ರೋಗ ಬರಿಸಿದವಳೂ ನಾನೇ, ವಾಸಿ ಮಾಡಿದವಳೂ ನಾನೇ! ಡಾಕ್ಟರರಿಗೆ ನಗು ಮೊದಲು ಬಂತೋ ಸಿಟ್ಟು ಮೊದಲು ಬಂತೋ ಗೊತ್ತಾಗಲಿಲ್ಲ. ಎರಡೂ ಮುಗಿದ ಮೇಲೆ ಗಂಗಾವತಿಗೆ ಫೋನು ಹೋಯಿತು.

ಮರುದಿನ ಮೇಡಮ್ಮು ನನ್ನನ್ನು ನಿಲ್ಲಿಸಿ ಕೇಳಿದರು. "ಪಟ್ಟಿಯಲ್ಲಿ ಕೊಂಬು ಎಲ್ಲಿದೆಯಮ್ಮಾ?"

"ಲೋಹ ತಗಸ್ರಿ ಅಂತ ಐತ್ರಿ. ಕೊಂಬು ಲೋಹ ಅಲ್ಲಲ್ರಿ."

"ಎದುರು ಮಾತು ಬೇರೆ! ಇನ್ನೊಮ್ಮೆ ಕೊಂಬಿನ ಸುದ್ದಿ ನನ್ನ ಕಿವಿಗೆ ಬಿದ್ದರೆ ನಿನ್ನ ಲಾಗ್‌ಬುಕ್ಕಿಗೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ತಪ್ಪು ನನ್ನದೇ. ಒಳಗೆ ಕಳಿಸುವ ಮೊದಲು ಎದೆಯ ಮೇಲೆ ಏನೂ ಇರಬಾರದು ಎಂದು ನೋಡಬೇಕಾದವಳು ನಾನು. ಆದರೆ ಕೊಂಬು ಇಲ್ಲದೆ ತಾಳಿ ತೆಗೆಯುವುದು ಹೇಗೆ ಎಂದು ಪಟ್ಟಿಯೂ ಹೇಳಲಿಲ್ಲ, ಮೇಡಮ್ಮೂ ಹೇಳಲಿಲ್ಲ. ಆಯಾಳಿಗೆ ಹೋಗಿ ಹೇಳಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತಲೇ ಯೋಚಿಸಿದಳು.

"ಅಲ್ಲ, ಮದುವ್ಯಾಗ ಕಂಕಣ ಎಲ್ಲಿ ಕಟ್ತಾರ?"

"ಕೈಗೆ."

"ಅದರಾಗ ಕೊಂಬು ಇರತೈತೋ ಇಲ್ಲೋ? ಕೈಗೇ ಕಟ್ಟಿದ್ರಾತು. ಕೈ ಏನ್ ಎದೀ ಒಳಗ ಇರತೈತೇನು?"

ಇಷ್ಟೇ. ಪಟ ತೆಗೆಯುವಾಗ ಕೈ ಸೊಂಟದ ಮೇಲಿರುತ್ತದೆ, ಮಣಿಕಟ್ಟಿನ ಕೊಂಬು ಎದೆಯ ಪಟಕ್ಕೆ ಬರುವುದಿಲ್ಲ. ಓದು ಬಾರದ ಮುದುಕಿ ಒಂದು ಎಲೆ ಮಡಿಸುವುದರೊಳಗೆ ಬಗೆಹರಿಸಿದಳು. ಮೇಡಮ್ಮಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೊನೆಯ ಪ್ರಾಯೋಗಿಕ ಪರೀಕ್ಷೆ ಕುಷ್ಟಗಿಯಲ್ಲಿ, ಒಂದು ಆಸ್ಪತ್ರೆಯಲ್ಲಿ. ಮೂರು ಪರೀಕ್ಷೆ: ಕೈ ತೊಳೆಯುವುದು, ಬಿಪಿ, ರೋಗಿಯ ತಯಾರಿ. ಮೂರರಲ್ಲಿ ಒಂದು ಹೋದರೂ ಮತ್ತೆ ಆರು ತಿಂಗಳು ಕಾಯಬೇಕು. ಆರು ತಿಂಗಳು ಎಂದರೆ ಆರು ತಿಂಗಳು ಕಿಟಕಿ, ಅಷ್ಟರಲ್ಲಿ ಒಳಗಿನ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ. ಹಿಂದಿನ ದಿನ ಹೊರಡುವಾಗ ಆಯಾ ನನ್ನ ಏಪ್ರನ್ನಿನ ಕಿಸೆಗೆ ದಾರ ಸುತ್ತಿದ ಒಂದು ಕೊಂಬು ಇಳಿಬಿಟ್ಟಳು.

"ತಗೀ ಅದನ್ನ! ಯಾರರ ನೋಡಿದ್ರ ನನ್ನ ಕತಿ ಮುಗೀತು" ಎಂದು ಕೂಗಾಡಿದೆ.

"ಕಿಸೆದಾಗ ಇದ್ರ ನಿನ್ನ ಏನ್ ಅನ್ನ ಕೇಳತೈತೇನು? ಇರ್ಲಿ ಇಟ್ಗೋ" ಎಂದಳು. ಬೈಯುತ್ತಲೇ ಇಟ್ಟುಕೊಂಡೆ.

ಪರೀಕ್ಷಕಿ ಬೇರೆ ಜಿಲ್ಲೆಯಿಂದ ಬಂದ ಡಾಕ್ಟರು. ಕನ್ನಡಕ, ಕೈಯಲ್ಲಿ ಪೆನ್ನು, ಮೊಬೈಲಿನಲ್ಲಿ ಗಡಿಯಾರ. ಕೈ ತೊಳೆದೆ, ಏಳು ಹಂತವೂ ಸರಿ. ಬಿಪಿ ಪರೀಕ್ಷೆಯಲ್ಲಿ ಎದುರಿಗೆ ಕೂತಿದ್ದ ಹೆಂಗಸು ಯಲಬುರ್ಗಾದ ಈಚೆಯ ಒಂದು ಹಳ್ಳಿಯವಳು, ಕೂಲಿ ಮಾಡಿ ಕರಿದಾದ ಗಟ್ಟಿ ಕೈ. ಪಟ್ಟಿ ಕಟ್ಟಿ ನೋಡಿದೆ, ನನ್ನ ಅಂಕಿಯೂ ಪರೀಕ್ಷಕಿಯ ಅಂಕಿಯೂ ಕೂಡಿದವು. ಮೂರನೆಯದಕ್ಕೆ ಕಾಯುತ್ತಾ ಬಾಗಿಲ ಹೊರಗೆ ನಿಂತಿದ್ದಾಗ ನಮ್ಮ ತರಗತಿಯ ಹುಡುಗಿಯೊಬ್ಬಳು ಒಳಗಿನಿಂದ ಅಳುತ್ತಾ ಬಂದಳು. ಒಳಗೆ ಹೋದರೆ ಅದೇ ಯಲಬುರ್ಗಾ ಕಡೆಯ ಹೆಂಗಸು ಸ್ಟೂಲಿನ ಮೇಲೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಕೂತಿದ್ದಾಳೆ.

"ನೀನೂ ತಾಳಿ ಕೀಳಾಕ ಬಂದೀ ಏನು?" ಎಂದಳು.

"ಎದೆಯ ಎಕ್ಸ್‌ರೇಗೆ ತಯಾರಿ. ಹತ್ತು ನಿಮಿಷ. ಶುರು ಮಾಡಿ" ಎಂದರು ಪರೀಕ್ಷಕಿ.

ಮೊದಲನೇ ಹಂತ. ನಕ್ಕೆ. ನಮಸ್ಕಾರ ಮಾಡಿದೆ. ಯಾರು ಏನು ಎಂದು ಹೇಳಿಕೊಂಡೆ. ಹೆಸರು, ವಯಸ್ಸು ಕೇಳಿ ಚೀಟಿಗೆ ತಾಳೆ ನೋಡಿದೆ. ಗರ್ಭಿಣಿಯೇ ಎಂದು ಕೇಳುವುದು ನಾಲ್ಕನೇ ಹಂತ, ಬಿಡುವಂತಿಲ್ಲ.

"ಹೊಟ್ಟೀಲೆ ಅದೀರೇನ್ರಿ ಎವ್ವಾ?"

"ನಿನ್ನ ಮಾರಿಗೆ! ನನ್ನ ಮೊಮ್ಮಗಳು ಮದುವಿಗೆ ಬಂದಾಳ" ಎಂದಳು. ಅವಳಿಗೂ ನಗು ಬಂತು, ಎದೆಯ ಮೇಲಿನ ಒಂದು ಕೈ ಸಡಿಲವಾಯಿತು. ನಾನು ಅದೇ ಸಮಯ ನೋಡಿ ತಾಳಿಯ ಮಾತು ತೆಗೆದೆ. ಕೈ ಮತ್ತೆ ಬಿಗಿಯಿತು.

"ತಗಿಯಂಗಿಲ್ಲ. ನನ್ನ ಗಂಡ ಹೊರಗ ಕುಂತಾನ, ಗಟ್ಟಿಮುಟ್ಟ ಅದಾನ. ಅವ ಇರೂತನಕ ಇದು ಇಲ್ಲೇ ಇರತೈತಿ."

ತಾಳಿಯ ನೆರಳು ಬಿದ್ದರೆ ಒಳಗಿನ ರೋಗ ಕಾಣುವುದಿಲ್ಲ ಎಂದು ತಿಳಿಸಿ ಹೇಳಿದೆ. ಕಾಣದಿದ್ದರೆ ಬಿಡು ಎಂದಳು. ಪರೀಕ್ಷಕಿ ಗಡಿಯಾರ ನೋಡಿ "ನಾಲ್ಕು ನಿಮಿಷ ಉಳಿದಿದೆ" ಎಂದರು. ಕಿಟಕಿಯ ಬಾಯಿ ನನ್ನ ಗಂಟಲಿಗೆ ಬಂದು ನಿಂತಿತ್ತು. "ಏ ಎವ್ವಾ, ನಿನ್ನ ಹಟದಾಗ ನನ್ನ ವರ್ಷ ಮಣ್ಣಾಗತೈತಿ" ಎಂದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಕೈ ತಾನಾಗಿ ಕಿಸೆಗೆ ಹೋಯಿತು. ಹೋದರೆ ಹೋಗಲಿ ಸರ್ಟಿಫಿಕೇಟು ಎಂದು ಕೊಂಬು ಹೊರಗೆ ತೆಗೆದೆ.

ಆಕೆಯ ಮುಖವೇ ಬದಲಾಯಿತು. "ಅಯ್ಯ, ಇದನ್ನ ಮೊದ್ಲ ತೋರಸಬಾರದೇನ? ಆಗಳೆ ಆ ಹುಡುಗಿ ಸುಮ್ಮನ ಕೊರಳಿಗೆ ಕೈ ಹಾಕಾಕ ಬಂದ್ಲು."

ಕೈಗೆ ಕಟ್ಟುವುದು ಯಾಕೆ ಎಂದು ಹೇಳಿದೆ. ಕಂಕಣದ ಮಾತು ಆಕೆಗೆ ಒಪ್ಪಿಗೆಯಾಯಿತು. ಬಲಗೈ ಮುಂದೆ ಚಾಚಿ "ಕಟ್ಟು" ಎಂದಳು.

ನನ್ನ ಎರಡು ಹೆಜ್ಜೆ ಹಿಂದೆ ಹೋಗಿಯೇ ಬಿಟ್ಟವು. ಕೂಗಲು ಆಯಾ ಇಲ್ಲ. ಅಪ್ಪಣೆ ಕೇಳಿ ಬಾಗಿಲಿಗೆ ಹೋಗಿ ಆಕೆಯ ಗಂಡನನ್ನು ಹುಡುಕಿದೆ. ಕಟ್ಟಬೇಕಾದವನು ಅವನೇ ಅಲ್ಲವೇ. ಬೆಂಚು ಖಾಲಿ. ಚಹಾಕ್ಕೆ ಹೋದ ಎಂದು ಯಾರೋ ಹೇಳಿದರು. ತಿರುಗಿ ಬಂದೆ. ಪರೀಕ್ಷಕಿಯ ಕೊರಳಲ್ಲಿ ತಾಳಿ ಇತ್ತು, ಆದರೆ ಪರೀಕ್ಷಕಿಗೆ ಬಂದು ದಾರ ಕಟ್ಟಿ ಎಂದು ಯಾವ ಬಾಯಿಂದ ಹೇಳುವುದು? ಒಂದು ವರ್ಷ ಓದಿದ್ದು, ಬಸ್ಸಿನಲ್ಲಿ ನಿಂತು ಕಾಲು ಬಾತಿದ್ದು, ರಬ್ಬರಿನ ಕೈಗೆ ನಕ್ಕದ್ದು, ಎಲ್ಲವೂ ಒಂದು ಗೇಣು ದಾರದಲ್ಲಿ ಸಿಕ್ಕಿಕೊಂಡಿತ್ತು. ಸುಳ್ಳು ಹೇಳಿ ಕಟ್ಟಿಬಿಡಬಹುದಿತ್ತು, ಏಪ್ರನ್ನಿನ ಕೊರಳು ಮೇಲಿನವರೆಗೆ ಮುಚ್ಚಿತ್ತು. ಆದರೆ ಆಕೆ ನಂಬಿ ಕೈ ಚಾಚಿದ್ದಳು.

"ಎವ್ವಾ, ನನಗ ಗಂಡ ಇಲ್ರಿ. ತೀರಿಕೊಂಡಾನ. ನನ್ನ ಕೈಲೆ ಕಟ್ಟಿಸ್ಕೊಳ್ಳಾಕ ನಿಮಗ ಮನಸಿಗೆ ಬರಲಿಕ್ಕಿಲ್ಲ" ಎಂದೆ.

ಆಕೆ ನನ್ನ ಮುಖ ನೋಡಿದಳು, ಕೈ ನೋಡಿದಳು.

"ಆಗಳೆ ನನ್ನ ರಟ್ಟಿಗೆ ಪಟ್ಟಿ ಕಟ್ಟಿ ಬಿಪಿ ನೋಡ್ದಾಕಿ ಯಾರು?"

"ನಾನ್ರಿ."

"ನಾಳೆ ನನಗ ಸೂಜಿ ಹಾಕೂದಿದ್ರ ಯಾರ ಹಾಕೋರು?"

"ನಮ್ಮಂಥವ್ರ ಹಾಕತೀವ್ರಿ."

"ನನ್ನ ಜೀವಾ ಹಿಡಿಯಾಕ ಆಗೂ ಕೈ, ದಾರಾ ಹಿಡಿಯಾಕ ಯಾಕ ಆಗೂದಿಲ್ಲ? ಕಟ್ಟ ಸುಮ್ಮನ. ಅವ ಚಾ ಕುಡದ ಬರೂದ್ರಾಗ ಮುಗಸು, ಬಂದ್ರ ನೂರಾ ಎಂಟು ಕೇಳಕೋತ ಕುಂದರತಾನ."

ಕಟ್ಟಿದೆ. ಒಂದು ಗಂಟು ಸಾಕಾಗಿತ್ತು. ನನ್ನ ಬೆರಳು ಮೂರು ಹಾಕಿದವು. ಆಕೆ ತಾನೇ ತಾಳಿ ತೆಗೆದು ಎಡ ಮುಷ್ಟಿಯಲ್ಲಿ ಹಿಡಿದಳು. ಜಡೆ ಮೇಲೆ ಕಟ್ಟಿದೆ, ಗೌನು ಹಾಕಿದೆ, ಎದೆಯ ಮೇಲೆ ಏನೂ ಇಲ್ಲವೆಂದು ಎರಡು ಸಲ ನೋಡಿ ಒಳಗೆ ಕಳಿಸಿದೆ. ಉಸಿರು ಹಿಡಿಯಿರಿ, ಬಿಡಿ ಎಂದದ್ದು ಕೇಳಿಸಿತು. ಹೊರಗೆ ಬಂದು ಸೀರೆ ಸರಿಮಾಡಿಕೊಂಡ ಮೇಲೆ ಆಕೆ ಮುಷ್ಟಿ ಬಿಚ್ಚಿ ತಾಳಿಯನ್ನು ಕೊರಳಿಗೆ ಇಟ್ಟುಕೊಂಡು ನನಗೆ ಬೆನ್ನು ತಿರುಗಿಸಿ ಕೂತಳು.

"ಭುಜ ನೋಯತಾವ, ಕೈ ಹಿಂದಕ ಹೋಗೂದಿಲ್ಲ. ಕೊಂಡಿ ಹಾಕವಾ" ಎಂದು ಕೂದಲು ಎತ್ತಿ ಹಿಡಿದಳು.

ನನ್ನ ಕೈಯಿಂದ ಒಬ್ಬಳ ಕೊರಳಿಗೆ ತಾಳಿ! ಕೊಂಡಿ ಸಣ್ಣದು, ಕಣ್ಣು ಮಂಜಾಗಿತ್ತು, ಎರಡು ಸಲ ತಪ್ಪಿತು, ಮೂರನೇ ಸಲ ಕೂತಿತು. ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಗಂಡ ಹೋದಂದಿನಿಂದ ಯಾರ ಎದುರಿಗೂ ಅಳದವಳು ಪರೀಕ್ಷಕಿಯ ಎದುರಿಗೆ ಅತ್ತೆ.

"ಸಮಯ ಮುಗಿದು ಎರಡು ನಿಮಿಷ ಆಯಿತು" ಎಂದರು ಪರೀಕ್ಷಕಿ. ಆಮೇಲೆ, "ಈಗ ಮಾಡಿದಿರಲ್ಲ, ಅದು ಪಟ್ಟಿಯಲ್ಲಿ ಎಷ್ಟನೇ ಹಂತ?" ಎಂದು ಕೇಳಿದರು.

"ಪಟ್ಟಿಯೊಳಗ ಇಲ್ರಿ ಮೇಡಮ್" ಎಂದೆ. ಅವರು ಏನೋ ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕಿಟಕಿಯೇ ಗತಿ ಎಂದುಕೊಂಡು ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಂಡಕ್ಕಿ ಮಿರ್ಚಿ ತಿಂದೆ. ದುಃಖಕ್ಕೆ ನನಗೆ ಹಸಿವು ಹೆಚ್ಚು.

ತಿಂಗಳ ಮೇಲೆ ಮೇಡಮ್ಮಿನ ಫೋನು ಬಂತು. "ಏಮ್ಮಾ, ಪರೀಕ್ಷೆಗೂ ಕೊಂಬು ಒಯ್ದಿದ್ದೆಯಂತೆ?" ಎಂದರು. "ಸಮಯ ಮೀರಿದ್ದಕ್ಕೆ ಅಂಕ ಹೋಗಿವೆ. ಆದರೂ ಅಂಚಿನಲ್ಲಿ ಪಾಸು. ಹಾಳೆಯ ಮೇಲೆ ಒಂದು ಸಾಲು ಬರೆದಿದ್ದಾರೆ, ಕೇಳು: ರೋಗಿಯ ಒಪ್ಪಿಗೆಯನ್ನು ಪ್ರಾಮಾಣಿಕವಾಗಿ ಪಡೆದರು, ಮಾತು ಮೃದು." ಆ ಕಡೆ ಮೇಡಮ್ಮು ನಗುವುದು ಕೇಳಿಸುತ್ತಿತ್ತು. "ಮಾತು ಮೃದು ಅಂತೆ, ನಿನ್ನದು! ಮೊದಲು ಕೊಂಬು ಕಟ್ಟಿ ಆಮೇಲೆ ತಾಳಿ ತೆಗೆಸುವುದು, ಕೈಗೆ ಕಟ್ಟುವುದು, ಇದನ್ನೆಲ್ಲ ಬರೆದು ತಾ. ಮುಂದಿನ ಹುಡುಗಿಯರಿಗೆ ಹೇಳಬೇಕು."

ಸರ್ಟಿಫಿಕೇಟೂ ಆ ಹಾಳೆಯೂ ಕೈಗೆ ಬಂದ ದಿನ ಆಯಾಳಿಗೆ ಓದಿ ಹೇಳಿದೆ. ಮಾತು ಮೃದು ಎಂಬಲ್ಲಿಗೆ ಬಂದಾಗ ಆಕೆ ನಕ್ಕ ನಗುವಿಗೆ ಬಾಯಿಯ ಎಲೆ ಹೊರಗೆ ಬಿತ್ತು. ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸಿ, ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸಂಚಿಯಿಂದ ದಾರದ ಉಂಡೆ ತೆಗೆದು ನನ್ನ ಕೈಗೆ ಕೊಟ್ಟಳು.

"ಇನ್ನ ನನ್ನ ಕರೀಬ್ಯಾಡ. ಮೊಣಕಾಲು ನೋಯತಾವ, ನೀನ ಕಟ್ಟು" ಎಂದಳು.

ಈಗ ನಾನು ಒಳಗಿನವಳು. ಎಲ್ಲರಿಗೂ ಮೊದಲೇ ಹೇಳುತ್ತೇನೆ, ನನ್ನ ಕೈ ಬೇಡವಾದರೆ ಜೊತೆಗೆ ಬಂದವರನ್ನು ಕರೆಯಿರಿ ಎಂದು. ಕೆಲವರು ಕರೆಯುತ್ತಾರೆ, ನನಗೆ ಬೇಜಾರಾಗುವುದಿಲ್ಲ, ಆದರೆ ನಿಂತಲ್ಲಿಂದ ಹಿಂದೆಯೂ ಸರಿಯುವುದಿಲ್ಲ. ಹೆಚ್ಚಿನವರು ಕೆಮ್ಮುತ್ತಾ "ಯಾರರ ಕಟ್ರಿ, ಲಗೂನ ಮುಗಸ್ರಿ" ಎಂದು ಕೈ ಚಾಚುತ್ತಾರೆ.

ಮೊನ್ನೆ ಕೊಂಬು ಮುಗಿದವು. ನಾನೇ ಪೇಟೆಗೆ ಹೋದೆ. ಅದೇ ಅಂಗಡಿ, ಅದೇ ಮುದುಕ. ನನ್ನ ಗುರುತು ಅವನಿಗಿರಲಿಲ್ಲ. ತಕ್ಕಡಿಗೆ ಕೈ ಹಾಕುತ್ತಾ ಅದೇ ಸಂಭ್ರಮದಿಂದ ಕೇಳಿದ.

"ಮನ್ಯಾಗ ಮದುವಿ ಐತೇನವಾ?"

"ಹೂನ್ರಿ," ಎಂದೆ. "ದಿನಾ ನಾಲ್ಕೈದು ಆಗತಾವ. ಕಟ್ಟಾಕಿ ನಾನ. ದಾರಾನೂ ಕೊಡ್ರಿ."